ದಿಬ್ಬವ್ವನ ಉಡಿ

ಇದನ್ನು ಹೇಳಬೇಕು, ಹೇಳಬೇಕು ಅಂದುಕೊಳ್ಳುತ್ತಲೇ ಇಷ್ಟು ವರ್ಷ ತಳ್ಳಿಬಿಟ್ಟೆ. ಮೊದಲು, ಹೇಳಿದರೆ ಕೆಲಸ ಹೋದೀತು ಅಂದುಕೊಂಡೆ. ಆ ಕೆಲಸ ತಾನಾಗಿಯೇ ಹೋಯಿತು. ಆಮೇಲೆ ಮಕ್ಕಳ ಮದುವೆಯಾಗಲಿ ಅಂದೆ. ಮಕ್ಕಳ ಮದುವೆಗೂ ಇದಕ್ಕೂ ಏನು ಸಂಬಂಧವೆಂದು ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಕೊನೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂದೆ. ಹೋದ ಚಳಿಗಾಲದಲ್ಲಿ ಅದನ್ನೂ ತೆಗೆದರು. ಈಗ ಅಕ್ಷರಗಳು ಎಷ್ಟು ನಿಚ್ಚಳವಾಗಿ ಕಾಣುತ್ತವೆಯೆಂದರೆ, ನೆಪ ಹೇಳುವುದಕ್ಕೆ ಮೈಯಲ್ಲಿ ಬೇರೆ ಅಂಗವೇ ಉಳಿದಿಲ್ಲ.

ನೆಪ ಮುಗಿದ ಹೊತ್ತಿಗೆ ಸರಿಯಾಗಿ ನಮ್ಮ ಓಣಿಯಲ್ಲಿ ಪೈಪು ಹಾಕಲು ಕುಣಿ ತೋಡಿದರು. ರಾಯಚೂರಿನಲ್ಲಿ ಕುಣಿ ತೋಡುವುದು ಹೊಸತೇನಲ್ಲ, ಮುಚ್ಚಿದರೆ ಹೊಸತು. ಆದರೆ ನನಗೊಂದು ಚಟವಿದೆ. ಎಲ್ಲಿ ಕುಣಿ ಕಂಡರೂ ನಿಂತು ಬಗ್ಗಿ ನೋಡುತ್ತೇನೆ. ನೋಡುವುದು ತಳವನ್ನಲ್ಲ, ಪಕ್ಕದ ಗೋಡೆಯನ್ನು. ಮೇಲೆ ಡಾಂಬರು, ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಗರಸು, ನಡುವೆ ಯಾರೋ ಎಂದೋ ಚೆಲ್ಲಿದ ಬೂದಿಯ ಒಂದು ಗೆರೆ, ಎಲ್ಲಕ್ಕೂ ಕೆಳಗೆ ಕರಿ ಎರೆಮಣ್ಣು.

ಜೆಸಿಬಿಯ ಹುಡುಗ ಯಂತ್ರ ನಿಲ್ಲಿಸಿ ಕೂಗಿದ: "ಯಜಮಾನ್ರ, ಏನ್ ಬಿದ್ದಾದ್ರಿ ಒಳಗ? ಮೊಬೈಲಾ?"

"ಏನೂ ಬಿದ್ದಿಲ್ಲಪಾ. ಪದರು ನೋಡಾಕತ್ತೀನಿ."

ಅವನು ತನ್ನ ಜೊತೆಯವನ ಕಡೆ ತಿರುಗಿ, "ಲೇ, ಮುದುಕಪ್ಪಗ ಬಿಸಲು ಹತ್ಯಾದ, ನೀರು ಕೊಡು ತಗೊಂಡು," ಅಂದ.

ನೀರು ಕುಡಿದು ಮನೆಗೆ ಬಂದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡಿದ್ದಳು. "ಮದಿವಿ ಆದಾಗಿನಿಂದ ನೀವು ನನ್ನ ಮಾರಿಗಿಂತ ಕುಣೀನ ಹೆಚ್ಚಿಗಿ ನೋಡೀರಿ," ಅಂದಳು. ಸುಳ್ಳಲ್ಲ. ಮಾರಿ ನೋಡುವುದನ್ನು ಯಾರೂ ಕಲಿಸಲಿಲ್ಲ, ಕುಣಿ ನೋಡುವುದನ್ನು ಒಬ್ಬರು ಕೂಡಿಸಿಕೊಂಡು ಕಲಿಸಿದರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ಅವರನ್ನೂ ನಾವೆಲ್ಲ ಅಕ್ಕೋರು ಅನ್ನುತ್ತಿದ್ದೆವು. ಹೆಸರು ಆಮೇಲೆ ಹೇಳುತ್ತೇನೆ. ದೊಡ್ಡವರ ಹೆಸರು ಹಿಡಿದು ಕರೆಯುವುದು ನಮ್ಮ ಕಡೆ ರೂಢಿಯಿಲ್ಲ. ಅದಲ್ಲದೆ ಈ ಒಂದು ಹೆಸರು ನನ್ನ ಬಾಯಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಮನುಷ್ಯ ಎಲ್ಲಿಂದ ಬಂದ ಎಂಬ ವಿಚಾರ ನನಗೆ ಹೊಳೆದದ್ದು ಬಹಳ ತಡವಾಗಿ. ಚಿಕ್ಕಂದಿನಲ್ಲಿ ನಾನು ತಿಳಿದಂತೆ ಮನುಷ್ಯರೆಲ್ಲ ದೇವದುರ್ಗದ ಬಸ್ಸಿನಲ್ಲಿ ಬರುತ್ತಿದ್ದರು. ಗೂಗಲ್ ಎಂಬ ಹಳ್ಳಿಯಲ್ಲಿ ಅಜ್ಜಿಯ ಮನೆ. ಅಲ್ಲಮಪ್ರಭುವಿನ ಗುಡಿಯಿಂದ ಕೃಷ್ಣೆಗೆ ಇಳಿಯುವ ದಾರಿಯಲ್ಲಿ ನಿಂತರೆ ಬಸ್ಸಿನ ಧೂಳು ಮೊದಲು ಕಾಣಿಸುತ್ತಿತ್ತು, ಬಸ್ಸು ಆಮೇಲೆ, ಮನುಷ್ಯರು ಕೊನೆಗೆ. ಅಜ್ಜಿ ಎಮ್ಮೆಗೆ ನೀರು ಕುಡಿಸುವ ಕಲ್ಲುದೋಣಿಯಲ್ಲಿ ಒಂದು ಕರಿ ಕಲ್ಲು ಮುಳುಗಿಸಿಟ್ಟಿದ್ದಳು. ಅಂಗೈಗೆ ಸರಿಯಾಗಿ ಕೂಡುವಷ್ಟು ದೊಡ್ಡದು, ಬೆಣ್ಣೆಯಂತೆ ನುಣುಪು, ಒಂದು ತುದಿ ಚೂಪು. ಅದು ಸಿಡಿಲಿನ ಜೊತೆ ಮುಗಿಲಿನಿಂದ ಬಿದ್ದದ್ದೆಂದು ಅವಳ ನಂಬಿಕೆ. ಆ ನೀರು ಕುಡಿದರೆ ಎಮ್ಮೆಗೆ ರೋಗ ಬರುವುದಿಲ್ಲವಂತೆ. ಒಮ್ಮೆ ನನಗೆ ಮಂಗನಬಾವು ಬಂದು ಎರಡೂ ಗಲ್ಲ ಊದಿದಾಗ, ಅಜ್ಜಿ ಅದೇ ಕಲ್ಲನ್ನು ತೇಯ್ದು ಬಳಿದಳು. ಬಾವು ಇಳಿಯಿತು. ಇಳಿಯುವ ಕಾಲ ಬಂದಿತ್ತು, ಇಳಿಯಿತು ಅನ್ನುವ ತಿಳಿವಳಿಕೆ ಆಗ ಯಾರಿಗಿತ್ತು?

ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು, ಮನುಷ್ಯನ ಹಿರೀಕರು ಮಂಗನಂಥ ಪ್ರಾಣಿಗಳು, ಅವುಗಳ ಎಲುಬು ನೆಲದೊಳಗೆ ಕಲ್ಲಾಗಿ ಸಿಗುತ್ತವೆ ಎಂದು ಪಾಠ ಮಾಡಿದರು. ಹಿಂದಿನ ಸಾಲಿನಿಂದ ನಾನು ಎದ್ದು ನಿಂತು, "ಸರ್, ಹಂಗಾದ್ರ ಹಣಮಪ್ಪ ದೇವ್ರು ನಮಗ ಕಾಕಾ ಆಗ್ತಾನ್ರಿ, ದೊಡ್ಡಪ್ಪ ಆಗ್ತಾನ್ರಿ?" ಎಂದು ಕೇಳಿದೆ. ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಮಾಸ್ತರರು ಪುಸ್ತಕದ ಹಾಳೆ ತಿರುವಿ ನೋಡಿ, "ಪರೀಕ್ಷಾದಾಗ ಅದನ್ನ ಕೇಳಂಗಿಲ್ಲ, ಕೂಡು," ಅಂದರು. ಪರೀಕ್ಷೆಯಲ್ಲಿ ಕೇಳಿದ್ದನ್ನೂ ನಾನು ಬರೆಯಲಿಲ್ಲ. ಎಸ್ಸೆಸ್ಸೆಲ್ಸಿ ಎಂಬ ಬಾಗಿಲನ್ನು ಹಲವು ಸಲ ತಟ್ಟಿದ ಮೇಲೆ, ಒಳಗಿನವರಿಗೇ ಬೇಸರವಾಗಿ ತೆಗೆದರು ಅನ್ನಿಸುತ್ತದೆ.

ಹಾಗೆ ಪಾಸಾಗಿ ಪೋತ್ನಾಳದಲ್ಲಿ ಸೋದರಮಾವನ ಹೋಟೆಲಿನಲ್ಲಿ ಕುಳಿತಿದ್ದೆ. ಕುಳಿತಿದ್ದೆ ಅಂದರೆ ದುಡ್ಡಿನ ಗಲ್ಲೆಯ ಮೇಲಲ್ಲ, ಅದರ ಪಕ್ಕದ ಚೀಲದ ಮೇಲೆ. ಕಾಲುವೆಯ ನೀರಿಗೆ ಸುತ್ತಲೂ ಭತ್ತದ ಗದ್ದೆಯಾಗಿತ್ತು. ನಾಟಿ ಮುಗಿಸಿ ಬಂದ ಮಂದಿಗೆ ನಮ್ಮ ಮಿರ್ಚಿ ಭಜಿ ಬಹಳ ಸೇರುತ್ತಿತ್ತು. ನಾನು ಮಾಡಿದ ಒಂದೇ ಉಪಯೋಗದ ಕೆಲಸವೆಂದರೆ ಹೋಟೆಲಿನ ಬೋರ್ಡು ಬರೆದದ್ದು. ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷವಾಗಿರಬೇಕು. ಒಂದು ದಿನ ಜೀಪು ಬಂದು ನಿಂತಿತು. ಅದರಿಂದ ಇಳಿದ ದೊಡ್ಡ ಸಾಹೇಬರು ಭಜಿಯನ್ನು ನೋಡುವ ಬದಲು ಬೋರ್ಡನ್ನು ನೋಡಿ, "ಈ ಅಕ್ಷರ ಯಾರದು?" ಎಂದು ಕೇಳಿದರು. ಮಾವ ತಪ್ಪಾಗಿದೆಯೇನೋ ಎಂದು ಹೆದರಿ ನನ್ನನ್ನು ಮುಂದೆ ತಳ್ಳಿದ. ಮರುದಿನವೇ ನಾನು ಮುಕದ್ದಮನಾದೆ. ನೆಲ ಅಗೆದು ಹಳೆಯ ಕಾಲದ ಮನುಷ್ಯರನ್ನು ಹುಡುಕುವವರ ಹತ್ತಿರ ಕೂಲಿಯವರ ಮೇಲ್ವಿಚಾರಣೆ, ಸಿಕ್ಕ ಮಡಕೆ ಚೂರುಗಳ ಮೇಲೆ ಶಾಯಿಯಿಂದ ಸಣ್ಣ ಅಂಕಿ ಬರೆಯುವುದು, ಇಷ್ಟು ಕೆಲಸ. ಒಂದು ಸೀಟಿಯನ್ನೂ ಕೊಟ್ಟರು. ನಾನು ಆ ಸೀಟಿಯನ್ನು ಮನೆಯಲ್ಲೂ ಊದಿ ಬೈಸಿಕೊಂಡಿದ್ದೇನೆ.

ಅಗೆಯುತ್ತಿದ್ದುದು ಕವಿತಾಳದಿಂದ ಒಳಗೆ ಬಂಡಿದಾರಿ ಹಿಡಿದು ಹೋದರೆ ಸಿಗುವ ಬೂದಿದಿಬ್ಬವನ್ನು. ಅದು ಯಾವುದೋ ರಾಕ್ಷಸನನ್ನು ಸುಟ್ಟ ಬೂದಿಯೆಂದು ಊರವರು ಹೇಳುತ್ತಿದ್ದರು. ಪಾತ್ರೆ ತಿಕ್ಕಲು ಮಾತ್ರ ರಾಕ್ಷಸನೆಂದು ನೋಡದೆ ಒಯ್ಯುತ್ತಿದ್ದರು. ಅಕ್ಕೋರು ಬಂದ ಮೇಲೆ ತಿಳಿಯಿತು, ಅದು ಸಾವಿರಾರು ವರ್ಷದ ಹಿಂದೆ ದನಕುರಿ ಕೂಡಿಹಾಕುತ್ತಿದ್ದವರು ಸೆಗಣಿ ಗುಡ್ಡೆಗೆ ಬೆಂಕಿಯಿಟ್ಟ ಬೂದಿ ಎಂದು. ಕುರಿಕಾಯುವ ಮನೆತನದ ಯಲ್ಲವ್ವ ಜರಡಿ ಹಿಡಿಯುವ ಹೆಂಗಸರ ಮುಂದಾಳು. "ನೋಡ್ರಬೇ, ರಾಕ್ಷಸಾ ಅಲ್ಲಂತ, ನಮ್ಮ ಮಂದೀನ ಅಂತ," ಎಂದು ಅವಳು ಅವತ್ತಿನಿಂದ ದಿಬ್ಬಕ್ಕೆ ಚಪ್ಪಲಿ ಬಿಟ್ಟು ಹತ್ತತೊಡಗಿದಳು. ಗೂಗಲ್ಲಿನ ಎಮ್ಮೆಯ ದೋಣಿಯ ಕಲ್ಲಿನ ಸುದ್ದಿ ಹೇಳಿದಾಗ ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ಕೊಡಲಿ ಕಣ್ರೀ! ಆ ಕಾಲದವರು ತೇಯ್ದು ತೇಯ್ದು ಮಾಡಿದ ಕಲ್ಲಿನ ಕೊಡಲಿ. ನಿಮ್ಮಜ್ಜಿ ನಿಮ್ಮ ಕೆನ್ನೆಗೆ ಕೊಡಲಿ ಹಚ್ಚಿದ್ದಾರೆ!"

ಅಕ್ಕೋರು ಮೈಸೂರು ಕಡೆಯವರು. ಪಿಎಚ್‌ಡಿ ಮಾಡುತ್ತಿದ್ದ ತೆಳ್ಳಗಿನ ಹುಡುಗಿ, ತಲೆಗೆ ಗಂಡಸರ ಟೋಪಿ. ಅವರ ಕೆಲಸ ಬೇರೆಯವರಿಗಿಂತ ವಿಚಿತ್ರ. ಎಲ್ಲರೂ ಎಲುಬು, ಕಲ್ಲು, ಮಡಕೆ ಹುಡುಕಿದರೆ ಅವರು ಮಣ್ಣನ್ನು ನೀರಿನ ಡ್ರಮ್ಮಿಗೆ ಹಾಕಿ ಕಲಸಿ, ಮೇಲೆ ತೇಲುವ ಕರಿ ಕಸವನ್ನು ಬಟ್ಟೆಯಲ್ಲಿ ಸೋಸುತ್ತಿದ್ದರು. ಹಸಿ ಕಾಳು ನೆಲದಲ್ಲಿ ಕೊಳೆತು ಹೋಗುತ್ತದೆ, ಸುಟ್ಟು ಇದ್ದಿಲಾದ ಕಾಳು ಎಷ್ಟು ಸಾವಿರ ವರ್ಷವಾದರೂ ಉಳಿಯುತ್ತದೆ. ಅದನ್ನು ಹೆಕ್ಕಿದರೆ ಆ ಜನ ಏನು ಉಣ್ಣುತ್ತಿದ್ದರೆಂದು ತಿಳಿಯುತ್ತದೆ ಎಂದು ನಮಗೆ ಹೇಳಿದ್ದರು. ಈ ಮಾತನ್ನು ನೆನಪಿಡಿ. ನಾನೂ ನೆನಪಿಡಬೇಕಿತ್ತು. ಅವರ ಪಿಎಚ್‌ಡಿ ನಿಂತದ್ದೇ ಆ ಕರಿಕಾಳುಗಳ ಮೇಲೆ. ದೊಡ್ಡ ಸಾಹೇಬರಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. "ಮಣ್ಣು ತೊಳೆಯೋದಕ್ಕೆ ಅಷ್ಟು ದೂರದಿಂದ ಬರಬೇಕಿತ್ತೇನಮ್ಮಾ?" ಎಂದು ಎಲ್ಲರೆದುರಿಗೇ ಅನ್ನುತ್ತಿದ್ದರು. ಅಕ್ಕೋರು ನಕ್ಕು ಡ್ರಮ್ಮಿಗೆ ಮತ್ತೊಂದು ಬುಟ್ಟಿ ಸುರಿಯುತ್ತಿದ್ದರು.

ಕುಣಿಯ ಗೋಡೆ ಓದುವುದನ್ನು ಕಲಿಸಿದವರೂ ಅವರೇ. "ನೋಡಿ, ಒಂದು ಸಲ ಅಗೆದು ಮುಚ್ಚಿದ ಮಣ್ಣು ಅಕ್ಕಪಕ್ಕದ ಮಣ್ಣಿನ ಜೊತೆ ಮತ್ತೆ ಯಾವತ್ತೂ ಒಂದಾಗಲ್ಲ. ಬಣ್ಣ ಬೇರೆಯಾಗಿ ಕಾಣ್ತಾನೇ ಇರುತ್ತೆ," ಎನ್ನುತ್ತಿದ್ದರು. ನಾನು ದೊಡ್ಡ ಪಂಡಿತನಂತೆ ತಲೆದೂಗುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬ್ರಷ್ಷಿಗೆ ಮೊದಲು ಮೊಣಕಾಲು ಸಿಕ್ಕಿತು. ಆಮೇಲೆ ಕೈ, ಪಕ್ಕೆಲುಬು, ತಲೆ. ಕಾಲು ಮಡಚಿ, ಮಗ್ಗುಲಾಗಿ, ಚಳಿಗೆ ಮುದುಡಿಕೊಂಡಂತೆ ಒಂದು ಪೂರ್ತಿ ಎಲುಬಿನ ಗೂಡು. ಕೆಲಸ ನಿಂತಿತು. ಎಲ್ಲರೂ ಕುಣಿಯ ಸುತ್ತ ಕುಕ್ಕರಗಾಲಲ್ಲಿ ಕುಳಿತರು. ಸ್ವಲ್ಪ ಹೊತ್ತು ಭಯಭಕ್ತಿ, ಆಮೇಲೆ ಜಗಳ.

"ಕಾಲು ಮಡಚ್ಯಾರ ನೋಡ್ರಿ. ಕುಂದ್ರಿಸಿ ಮಣ್ಣು ಮಾಡ್ಯಾರ, ಆಮ್ಯಾಲೆ ವಾಲ್ಯಾದ. ಇದು ನಮ್ಮ ಲಿಂಗವಂತರ ಹಿರಿಯಾ," ಎಂದು ನಾನು ತೀರ್ಪು ಕೊಟ್ಟು ಜೇಬಿನಲ್ಲಿದ್ದ ವಿಭೂತಿ ತೆಗೆಯಹೋದೆ.

"ನಿಮ್ಮ ಹಿರಿಯಾನ ಬಾಜೂಕ ಕುರಿ ಎಲುವು ಯಾಕದಾವಪ್ಪಾ ಮತ್ತ?" ಎಂದಳು ಯಲ್ಲವ್ವ. "ಇಂವ ನಮ್ಮಾಂವ. ಕುರಿ ಕಾಯಾಂವ."

ಜೀಪಿನ ಡ್ರೈವರ್ ಖಾಜಾಸಾಬ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದ. "ಅರೆ, ತಲಿ ಉತ್ತರಕ್ಕದ, ಮಾರಿ ಪಶ್ಚಿಮಕ್ಕದ. ಇದಕ್ಕಿಂತ ಸಾಕ್ಷಿ ಬೇಕೇನ್ರೀ? ನಮ್ಮ ದಾದಾ ಪರದಾದಾ ಇರಬೇಕು. ಸುಮ್ನ ನೀವ್ಯಾಕ ಜಗಳಾ ಮಾಡ್ತೀರಿ?"

ಅಕ್ಕೋರು ಕುಣಿಯೊಳಗಿಂದಲೇ ತಲೆಯೆತ್ತಿದರು. "ಇದು ಗಂಡಸೇ ಅಲ್ಲ. ಸೊಂಟದ ಎಲುಬು ನೋಡಿ, ಹೆಣ್ಣು. ಹಲ್ಲು ಸವೆದಿಲ್ಲ, ಚಿಕ್ಕ ವಯಸ್ಸು. ನೀವು ಹೇಳೋ ಜಾತಿ ಮತ ಎಲ್ಲ ಹುಟ್ಟೋದಕ್ಕೆ ಮುಂಚೆ ಸತ್ತುಹೋದವಳು. ಎಲ್ಲರಿಗೂ ಮುತ್ತಜ್ಜಿ ಅಂದುಕೊಳ್ಳಿ."

ನನ್ನ ಹಿರಿಯ ಹೀಗೆ ಕಣ್ಣೆದುರಿಗೇ ಹುಡುಗಿಯಾದ. ನಾನು ವಿಭೂತಿಯನ್ನು ಜೇಬಿಗೆ ಹಾಕಿಕೊಂಡೆ. ಹೆಂಗಸರ ಮುಖ ಮಾತ್ರ ಬದಲಾಯಿತು. ಯಲ್ಲವ್ವ ತನ್ನ ಸೆರಗನ್ನು ಆ ತಲೆಬುರುಡೆಗೆ ನೆರಳಾಗುವಂತೆ ಹಿಡಿದಳು. "ಯವ್ವಾ, ಬಿಸಲಿಗಿ ಬಿದ್ದಾಳ ಕೂಸು," ಅಂದಳು. ಸಂಜೆಯ ಹೊತ್ತಿಗೆ ಆ ಹುಡುಗಿಗೆ ದಿಬ್ಬವ್ವ ಎಂದು ಹೆಸರೂ ಆಯಿತು.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅಕ್ಕೋರೂ ನಮ್ಮ ಜೊತೆ ಕುಳಿತರು. ರೊಟ್ಟಿ, ಕೆಂಪು ಚಟ್ನಿ. ಒಂದು ತುತ್ತಿಗೆ ಅವರ ಮೂಗು, ಕಣ್ಣು ಎಲ್ಲ ಸುರಿಯುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಮಾತಿಗೆ ಮಾತು ಬಂದು, "ದಿಬ್ಬವ್ವ ಇದನ್ನ ತಿಂದಿರಲಿಕ್ಕಿಲ್ಲ," ಎಂದರು. "ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದು ಕೆಲವು ನೂರು ವರ್ಷ ಆಯ್ತು ಅಷ್ಟೆ, ಹಡಗಿನಲ್ಲಿ ಬಂತು. ಜೋಳವೂ ಇಲ್ಲಿಯದಲ್ಲ, ಆಫ್ರಿಕಾದಿಂದ ಬಂದದ್ದು. ಯಾವಾಗ ಬಂತು ಅನ್ನೋದೇ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನು ಹುಡುಕ್ತಿರೋದು ಅದನ್ನೇ."

ಹೆಂಗಸರ ಕೈ ಬಾಯಿಯ ಹತ್ತಿರವೇ ನಿಂತಿತು.

"ಅಂದ್ರ ಆಕಿ ರೊಟ್ಟೀನ ಕಂಡಿಲ್ಲೇನ್ರಿ?" ಯಲ್ಲವ್ವ ಕೇಳಿದಳು.

"ಕಂಡಿರಲಿಕ್ಕಿಲ್ಲ. ಹುರುಳಿ, ಸಾಮೆ, ಅಂಥದ್ದೇನೋ."

"ಖಾರಾನೂ ಇಲ್ಲ?"

"ಇಲ್ಲ."

"ಅದಕ್ಕ ಸತ್ತಾಳ ಬಿಡ್ರಿ," ಎಂದ ಖಾಜಾಸಾಬ. ಅವನ ಮೇಲೆ ರೊಟ್ಟಿಯ ಬಟ್ಟೆ ಬಂದು ಬಿತ್ತು. ಯಲ್ಲವ್ವ ನಗಲಿಲ್ಲ. ಅವಳು ತನ್ನ ರೊಟ್ಟಿಯನ್ನು ತಿನ್ನದೆ ಮಡಚಿ ಬುತ್ತಿಯಲ್ಲಿಟ್ಟಳು.

ಆಮೇಲೆ ದಿಬ್ಬವ್ವನನ್ನು ಎತ್ತಿಕೊಂಡು ಹೋಗುವುದೆಂದು ನಿಶ್ಚಯವಾಯಿತು. ಎಲುಬುಗಳನ್ನು ಬಿಡಿಸದೆ, ಕೆಳಗಿನ ಮಣ್ಣಿನ ಸಮೇತ ಸುತ್ತಲೂ ಗೋಣಿಪಟ್ಟಿ, ಪ್ಲಾಸ್ಟರು ಸುತ್ತಿ, ಗಟ್ಟಿಯಾದ ಮೇಲೆ ಇಡಿಯಾಗಿ ಜೀಪಿನಲ್ಲಿಟ್ಟು ಸಾಗಿಸುವುದು. ಎತ್ತುವ ದಿನ ಮಧ್ಯಾಹ್ನ ಪ್ಲಾಸ್ಟರು ಸಾಲದೆ ಸಾಹೇಬರೂ ಅಕ್ಕೋರೂ ಖಾಜಾಸಾಬನ ಜೀಪಿನಲ್ಲಿ ಕವಿತಾಳಕ್ಕೆ ಹೋದರು. ಹೋಗುವಾಗ ಅಕ್ಕೋರು ನನಗೆ, "ನೀವು ಇಲ್ಲೇ ಕೂತಿರಿ. ಒಂದು ಎಲೆ ಕೂಡ ಒಳಗೆ ಬೀಳಬಾರದು," ಎಂದು ಹೇಳಿದರು. ನಾನು ಸೀಟಿ ಕೊರಳಿಗೆ ಹಾಕಿಕೊಂಡು ಕುಣಿಯ ದಂಡೆಯ ಮೇಲೆ ಕುಳಿತೆ.

ಜೀಪಿನ ಧೂಳು ಅಡಗಿರಲಿಲ್ಲ, ಯಲ್ಲವ್ವ ಉಳಿದ ಹೆಂಗಸರನ್ನು ಕರೆದುಕೊಂಡು ಬಂದಳು. ಎಲ್ಲರ ಕೈಯಲ್ಲೂ ಗಂಟು.

"ಏನಿದು?"

"ಉಡಿ ತುಂಬತೀವಿ."

"ಯಾರಿಗಿ?"

"ದಿಬ್ಬವ್ವಗ. ಮನಿ ಮಗಳನ್ನ ಬರೀ ಉಡೀಲೆ ಊರು ದಾಟಿಸ್ತಾರೇನೋ? ನಿಮ್ಮ ಮನ್ಯಾಗ ಹಂಗ ಕಳಸ್ತೀರಾ?"

ನಾನು ಮುಕದ್ದಮ. ಎಸ್ಸೆಸ್ಸೆಲ್ಸಿ ಪಾಸಾದವನು. ಸೀಟಿ ಊದಬಹುದಿತ್ತು. ಆದರೆ ಹಿಂದಿನ ವಾರವೇ ನಮ್ಮ ಅಕ್ಕನನ್ನು ಗಂಡನ ಮನೆಗೆ ಕಳಿಸಿದ್ದೆವು. ಅವ್ವ ಅವಳ ಸೆರಗಿನಲ್ಲಿ ಉಡಿ ಕಟ್ಟಿದ್ದು ಕಣ್ಣ ಮುಂದೆಯೇ ಇತ್ತು. "ಲಗೂ ಮುಗಿಸ್ರಿ," ಎಂದೆ. ಅಷ್ಟು ಹೇಳಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು.

ಸೊಂಟದ ಎಲುಬಿನ ಮೇಲೆ ಹೊಸ ಕುಬಸದ ಖಣ ಹಾಸಿದರು. ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲೆ ಅಡಿಕೆ ಇಟ್ಟರು. ಅಕ್ಕಿಗೆ ಬದಲಾಗಿ ಯಲ್ಲವ್ವ ಬೊಗಸೆಗಟ್ಟಲೆ ಜೋಳ ಹಾಕಿದಳು. "ರೊಟ್ಟಿ ಕಾಣದ ಮಗಳು. ಈಗರ ಉಣ್ಣು ನನ್ನವ್ವಾ," ಎಂದಳು. ಹೆಂಗಸರು ಸಣ್ಣ ದನಿಯಲ್ಲಿ ಸೋಬಾನೆ ಎತ್ತಿದರು. ನಿಜ ಹೇಳುತ್ತೇನೆ, ನಾನೂ ದನಿಗೂಡಿಸಿದೆ. ಅಷ್ಟರಲ್ಲಿ ಅವರಲ್ಲೊಬ್ಬಳು, "ಇಷ್ಟು ಮಂದಿ ಕಣ್ಣು ಬಿದ್ದಾವ, ನದರು ತಗೀರಿ," ಅಂದಳು. ಯಲ್ಲವ್ವ ಒಂದು ಹಿಡಿ ಜೋಳ, ಉಪ್ಪು, ಒಣ ಮೆಣಸಿನಕಾಯಿ ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು. "ಕೆಂಡ ಬೇಕಲ್ಲೋ," ಎಂದಳು.

ಕೆಂಡ ತಂದವನು ನಾನು. ಯಾರೂ ನನ್ನನ್ನು ಕಳಿಸಲಿಲ್ಲ, ನಾನೇ ಓಡಿದೆ. ನಮ್ಮ ಬಿಡಾರದ ಅಡಿಗೆಯವನ ಒಲೆಯಿಂದ ಸಲಿಕೆಯ ತುಂಬ ಕೆಂಡ ತಂದು ದಿಬ್ಬವ್ವನ ಕಾಲಿನ ಹತ್ತಿರ, ಕುಣಿಯೊಳಗೇ ಇಟ್ಟೆ. ಯಲ್ಲವ್ವ ಹಿಡಿಯನ್ನು ಅದರ ಮೇಲೆ ಚೆಲ್ಲಿದಳು. ಉಪ್ಪು ಚಟಪಟ ಎಂದಿತು, ಘಾಟು ಎದ್ದಿತು, ಎಲ್ಲರೂ ಕೆಮ್ಮಿದರು, ಕೆಮ್ಮುತ್ತ ನಕ್ಕರು. ಅದೇ ಹೊತ್ತಿಗೆ ಜೀಪಿನ ಸದ್ದು.

ಹೆಂಗಸರು ಖಣ ಸಮೇತ ಉಡಿಯನ್ನು ಬಾಚಿಕೊಂಡು ಜರಡಿಯ ಕಡೆ ಓಡಿದರು. ಕೆಂಡ ನನ್ನ ಪಾಲಿಗೆ ಉಳಿಯಿತು. ಸಲಿಕೆಗೆ ತುಂಬಿಕೊಂಡು ದೂರ ಚೆಲ್ಲಲು ಹೊತ್ತಿರಲಿಲ್ಲ. ಕಾಲಿನಿಂದ ದಂಡೆಯ ಮಣ್ಣು ನೂಕಿ ಮುಚ್ಚಿದೆ, ತುಳಿದು ಸಮ ಮಾಡಿದೆ, ಮತ್ತೆ ದಂಡೆಯ ಮೇಲೆ ಬಂದು ಕುಳಿತು ಸೀಟಿಯನ್ನು ಸರಿಮಾಡಿಕೊಂಡೆ.

ಅಕ್ಕೋರು ಇಳಿದು ಬಂದರು. "ಏನೋ ಘಾಟು ಬರ್ತಿದೆಯಲ್ಲ?"

"ಅಡಿಗಿಯಾಂವ ಒಗ್ಗರಣಿ ಹಾಕ್ಯಾನ್ರಿ."

ಹೊತ್ತು ಇಳಿಯುತ್ತಿತ್ತು, ಸಾಹೇಬರು ಅವಸರ ಮಾಡುತ್ತಿದ್ದರು. ದಿಬ್ಬವ್ವನನ್ನು ಆ ಮಣ್ಣಿನ ಸಮೇತ ಪ್ಲಾಸ್ಟರಿನಲ್ಲಿ ಸುತ್ತಿಬಿಟ್ಟರು.

ಬೇಸಿಗೆ ಕಾಲಿಟ್ಟಿತ್ತು. ನಾನು ಮತ್ತೆ ಮಾವನ ಹೋಟೆಲಿನ ಚೀಲದ ಮೇಲಿದ್ದೆ. ಸಾಹೇಬರು ನನ್ನನ್ನು ಖಾಯಂ ನೌಕರಿಗೆ ತೆಗೆದುಕೊಳ್ಳುವ ಮಾತಾಡಿದ್ದರು, ಅದಕ್ಕೆ ಕಾಯುತ್ತಿದ್ದೆ. ಆಗ ರಾಯಚೂರಿನ ಬಸ್ಸಿನಿಂದ ಅಕ್ಕೋರು ಒಬ್ಬರೇ ಇಳಿದರು. ಮುಖ ಬಿಸಿಲಿಗೆ ಕೆಂಪಾಗಿತ್ತು, ಆದರೆ ಹೊಳೆಯುತ್ತಿತ್ತು. ಚೀಲದಿಂದ ಬೆರಳಿನಷ್ಟು ಉದ್ದದ ಗಾಜಿನ ಬುಡ್ಡಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕರಿ ಕರಿ ಕಾಳು.

"ಜೋಳ," ಎಂದರು ಪಿಸುದನಿಯಲ್ಲಿ. "ದಿಬ್ಬವ್ವನ ಕಾಲಿನ ಹತ್ತಿರ ಸಿಕ್ತು. ಇದು ನಿಜವಾದರೆ, ಇಷ್ಟು ಹಳೇ ಜೋಳ ಈ ಸೀಮೆಯಲ್ಲಿ ಯಾರಿಗೂ ಸಿಕ್ಕಿಲ್ಲ. ಸಾಹೇಬರೇ ಈಗ ಡ್ರಮ್ ತರಿಸಿಕೊಡ್ತೀನಿ ಅಂತಿದ್ದಾರೆ!" ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಕಣ್ಣಲ್ಲಿ ಕಣ್ಣಿಟ್ಟರು. "ಒಂದು ಮಾತು ಕೇಳೋದಕ್ಕೇ ಬಂದೆ. ಬೇಜಾರು ಮಾಡ್ಕೋಬೇಡಿ. ಅವತ್ತು ನಾವು ಕವಿತಾಳಕ್ಕೆ ಹೋದಾಗ ಅಲ್ಲಿ ಯಾರಾದರೂ ಬೆಂಕಿ ಹಾಕಿದ್ದರಾ? ಕಾಳು ಏನಾದರೂ ಬಿದ್ದಿತ್ತಾ?"

ಒಂದು ಮಾತು. ಹೌದು ಅಂದಿದ್ದರೆ ಆ ಬುಡ್ಡಿಯನ್ನು ಅಲ್ಲೇ ಚರಂಡಿಗೆ ಚೆಲ್ಲಿ, ಒಂದು ಭಜಿ ತಿಂದು, ಬೈದು ಹೋಗುತ್ತಿದ್ದರು. ನನ್ನ ತಲೆಯಲ್ಲಿ ಖಾಯಂ ನೌಕರಿ ಕುಳಿತಿತ್ತು. ಅವರ ಮುಖ ನೋಡಿ ಹೇಳಲು ಮನಸ್ಸಾಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಇತ್ತು, ಆದರೆ ನೌಕರಿ ಅದಕ್ಕಿಂತ ಮುಂದಿನ ಸಾಲಿನಲ್ಲಿತ್ತು.

"ಛೇ, ಇಲ್ರೀ ಅಕ್ಕೋರ. ನಾ ಅಲ್ಲೇ ಕುಂತಿದ್ನೆಲ್ರೀ," ಎಂದೆ.

"ಅಷ್ಟು ಸಾಕು. ನೀವು ಇಲ್ಲ ಅಂದ ಮೇಲೆ ಮುಗೀತು," ಎಂದು ಬುಡ್ಡಿಯನ್ನು ಚೀಲಕ್ಕೆ ಹಾಕಿಕೊಂಡು, ಮಾವ ಕೊಟ್ಟ ಮಿರ್ಚಿಯನ್ನು ಕಣ್ಣೀರು ಸುರಿಸುತ್ತ ತಿಂದರು.

ಮುಂದಿನ ಚಳಿಗಾಲಕ್ಕೆ ದಿಬ್ಬದ ಕೆಲಸ ಮತ್ತೆ ಶುರುವಾಯಿತು. ಅಕ್ಕೋರು ಬರಲಿಲ್ಲ. ಡ್ರಮ್ಮು ಬೇವಿನ ಗಿಡದ ಕೆಳಗೆ ಬೋರಲು ಬಿದ್ದಿತ್ತು. ಖಾಜಾಸಾಬನನ್ನು ಕೇಳಿದೆ.

"ಅರೆ ಭಾಯ್, ಏನ್ ಹೇಳಲಿ," ಎಂದು ಅವನು ಬೀಡಿ ಹಚ್ಚಿದ. "ದೊಡ್ಡ ದೊಡ್ಡ ಪಂಡಿತರ ಸಭಾ. ನಾ ಬಾಗಲದಾಗ ನಿಂತಿದ್ದೆ. ಬಿಳಿ ಪರದಾದ ಮ್ಯಾಲೆ ಜ್ವಾಳದ ಫೋಟೋ ಕುಂಬಳಕಾಯಿಯಷ್ಟು ದೊಡ್ಡದು ಬಿಟ್ರು. ಅಕ್ಕೋರು ಏನ್ ಮಾತಾಡಿದ್ರೋ ಮಾರಾಯಾ! ಮಂದಿ ಬೆರಗಾಗಿ ಕುಂತಿತ್ತು. ಅಷ್ಟರಾಗ ಒಬ್ಬ ಮುದಕ ಎದ್ದು, ಜ್ವಾಳದ ಬಾಜೂಕ ಆ ಚಪ್ಪಟ ಬೀಜ ಯಾವುದಮ್ಮಾ ಅಂದ. ಗೊತ್ತಾಗಿಲ್ಲ, ಯಾವುದೋ ಕಾಡುಬೀಜ ಅಂದ್ರು ಅಕ್ಕೋರು. ಮುದಕ ಪರದಾದ ಹತ್ರ ಹೋಗಿ ನೋಡಿ, ಇದು ಮೆಣಸಿನಕಾಯಿ ಬೀಜ ಅಂದ. ಹಿಂದಿನಿಂದ ಯಾವನೋ ಒಬ್ಬ, ಆ ಕಾಲಕ್ಕ ಮಿರ್ಚಿ ಭಜಿನೂ ಇತ್ತೇನ್ರಿ ಅಂದ. ಸಭಾಕ್ಕ ಸಭಾನೇ ನಕ್ಕಿತು." ಖಾಜಾಸಾಬ ಹೊಗೆ ಬಿಟ್ಟ. "ಸಾಹೇಬ್ರೂ ನಕ್ಕರು. ಅದು ನೋಡಾಕ ಆಗಲಿಲ್ಲ ನನಗ."

ನಾನು ಮುಕದ್ದಮನ ಸೀಟಿಯನ್ನು ಅವತ್ತು ಊದಲಿಲ್ಲ. ಖಾಯಂ ನೌಕರಿಯೂ ಬರಲಿಲ್ಲ. ಒಂದೆರಡು ವರ್ಷದಲ್ಲಿ ಮಾನ್ವಿಯ ರೈಸ್ ಮಿಲ್ಲೊಂದರಲ್ಲಿ ಗುಮಾಸ್ತನಾದೆ, ಚೀಲದ ಮೇಲೆ ಅಂಕಿ ಬರೆಯುತ್ತ.

ಎಂಬತ್ತರ ದಶಕ ಅರ್ಧ ಸರಿದಿತ್ತು. ಮಿಲ್ಲಿನ ಕೆಲಸಕ್ಕೆ ರಾಯಚೂರು ಸ್ಟೇಷನ್ನಿಗೆ ಹೋಗಿದ್ದೆ. ಮದ್ರಾಸಿನ ಕಡೆಯಿಂದ ಬಂದ ಗಾಡಿ ನಿಂತಿತು. "ಮುಕದ್ದಮರೇ!" ಎಂದು ಯಾರೋ ಕೂಗಿದರು. ತಿರುಗಿದರೆ ಕಿಟಕಿಯಲ್ಲಿ ಅಕ್ಕೋರು. ಸ್ವಲ್ಪ ದಪ್ಪಗಾಗಿದ್ದರು, ಕೊರಳಲ್ಲಿ ತಾಳಿ. ಇಳಿದು ಬಂದರು. ಚಹಾ ತರಿಸಿದೆ. ಯಲ್ಲವ್ವ ಹೇಗಿದ್ದಾಳೆ, ಖಾಜಾಸಾಬ ಬೀಡಿ ಬಿಟ್ಟನಾ ಎಂದೆಲ್ಲ ಕೇಳಿದರು.

"ನಾನೀಗ ಹೈಸ್ಕೂಲಿನಲ್ಲಿ ಪಾಠ ಹೇಳ್ತೀನಿ. ಪಿಎಚ್‌ಡಿ ಬಿಟ್ಟೆ. ನೀವೆಲ್ಲ ಆಗಲೇ ಅಕ್ಕೋರು ಅಕ್ಕೋರು ಅಂತಿದ್ದಿರಲ್ಲ, ಹಾಗೇ ಆಯ್ತು ನೋಡಿ," ಎಂದು ನಕ್ಕರು. ಆ ನಗುವಿನಲ್ಲಿ ಹುಳಿಯಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಅವರೇ ಹೇಳಿದರು: "ಆ ಮೆಣಸಿನಕಾಯಿ ಬೀಜ ಎಲ್ಲಿಂದ ಬಂತು ಅಂತ ಬಹಳ ತಲೆ ಕೆಡಿಸಿಕೊಂಡಿದ್ದೆ. ಮದುವೆ ಆಗಿ ತವರು ಬಿಡೋ ದಿನ ನಮ್ಮ ಸೋದರತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಮೂಗಿಗೆ ಬಂತು ನೋಡಿ, ಅದೇ ಘಾಟು, ಅವತ್ತು ಕುಣಿ ಹತ್ತಿರ ಬಂದಿದ್ದು! ಎಲ್ಲರೂ ಅಳ್ತಾ ಇದ್ದರೆ ನಾನೊಬ್ಬಳೇ ನಕ್ಕುಬಿಟ್ಟೆ. ದಿಬ್ಬವ್ವನನ್ನ ನೀವು ಮಗಳ ಹಾಗೆ ಕಳಿಸಿದ್ದಿರಿ, ಅಲ್ವಾ?" ಗಾಡಿ ಸೀಟಿ ಹಾಕಿತು. ಅವರು ನನ್ನ ಮುಖವನ್ನೇ ನೋಡುತ್ತ, ಮೆಲ್ಲಗೆ, "ಯಲ್ಲವ್ವನ ಕೆಲಸ ತಾನೆ?" ಎಂದರು.

ಕುಣಿಯ ಬಾಯಿ ತೆರೆದು ಕೊಟ್ಟಂತಿತ್ತು, ಇಳಿದರೆ ಸಾಕಾಗಿತ್ತು. ನಾನು ಹೇಳಿದ್ದೇನು ಗೊತ್ತೇ? "ಇರಬೇಕ್ರಿ. ಇನ್ನೊಂದು ಚಹಾ ಹೇಳ್ಲೇನ್ರಿ?"

ಅವರು ಖಾಲಿ ಲೋಟವನ್ನು ನನ್ನ ಕೈಗಿಟ್ಟರು. "ಬೇಡ. ಗಾಡಿ ಹೊರಡುತ್ತೆ," ಎಂದು ಹತ್ತಿದರು.

ಅದೇ ವಾರ ಕವಿತಾಳದ ಸಂತೆಯಲ್ಲಿ ಯಲ್ಲವ್ವನನ್ನು ಹುಡುಕಿ, ನಿನ್ನ ಹೆಸರು ಹೇಳಿದೆ, ತಪ್ಪಾಯಿತು ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಸಂತೆಗೆ ಸಂತೆಯೇ ತಿರುಗಿ ನೋಡುವಂತೆ ನಕ್ಕಳು. "ಕೆಂಡಾ ತಂದಾಂವ ನೀನು, ಕಾಲಿಲೆ ಮಣ್ಣು ನೂಕಿದಾಂವ ನೀನು, ಹೆಸರು ನಂದಾ? ಹೋಗಲಿ ಬಿಡು, ಹಂಗರ ಮೈಸೂರಿನ ಮಟ ನನ್ನ ಹೆಸರು ಹೋತು." ಆಮೇಲೆ ನಗು ನುಂಗಿ, "ನನ್ನ ಮುಂದ ತಪ್ಪಾತು ಅಂದ್ರೇನು ಬಂತೋ ಹುಚ್ಚಪ್ಪಾ? ಆಕಿ ಮುಂದ ಅನ್ನು," ಎಂದಳು. ಯಲ್ಲವ್ವ ತೀರಿಹೋಗಿ ಬಹಳ ವರ್ಷವಾಯಿತು. ಮಣ್ಣಿಗೆ ಒಯ್ಯುವ ಮುಂಚೆ ಅವಳ ಉಡಿಯಲ್ಲಿ ಜೋಳ ಹಾಕಿದವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ನಮ್ಮ ಓಣಿಯ ಕುಣಿಯನ್ನು ಇವತ್ತು ಬೆಳಿಗ್ಗೆ ಮುಚ್ಚಿದರು. ರಾಯಚೂರಿನಲ್ಲಿ ಹೀಗೂ ಆಗುತ್ತದೆ. ಜೆಸಿಬಿಯ ಹುಡುಗ ನನ್ನನ್ನು ಕಂಡು, "ಬರ್ರಿ ಯಜಮಾನ್ರ, ಇನ್ನ ನೋಡಾಕ ಏನೂ ಇಲ್ಲ, ಎಲ್ಲಾ ಸಮಾ ಆತು," ಅಂದ. ಮೇಲಿನಿಂದ ನೋಡಿದರೆ ಸಮವಾಗಿಯೇ ಇತ್ತು. ಅಗೆದು ಮುಚ್ಚಿದ ಮಣ್ಣು ಒಂದಾಗುವುದಿಲ್ಲವೆಂದು ಅವನಿಗೆ ಯಾರೂ ಕಲಿಸಿಲ್ಲ. ನನಗೆ ಕಲಿಸಿದ್ದರು.

ಅಕ್ಕೋರು ಈಗ ಯಾವ ಊರಿನಲ್ಲಿದ್ದಾರೋ, ಇದ್ದಾರೋ ಇಲ್ಲವೋ ನನಗೆ ತಿಳಿಯದು. ಬರಿ ಅಕ್ಕೋರು ಎಂದು ಕೂಗಿದರೆ ಈ ನಾಡಿನಲ್ಲಿ ಎಷ್ಟು ಶಾಲೆಗಳ ಎಷ್ಟು ಜನ ತಿರುಗಿ ನೋಡಿಯಾರು. ಅದಕ್ಕಾಗಿ ರೂಢಿ ಮುರಿದು ಹೆಸರು ಹಿಡಿದೇ ಕರೆಯುತ್ತೇನೆ. ಅವತ್ತು ಬೆಂಕಿ ಹಾಕಿದ್ದರು, ಕಾಳೂ ಬಿದ್ದಿತ್ತು. ಕೆಂಡ ತಂದದ್ದು ಯಲ್ಲವ್ವ ಅಲ್ಲ, ನಾನು, ಸುಶೀಲಾ ಅಕ್ಕೋರೇ.